ಆನ್‌ಲೈನ್ ಜೂಜಿನ ಚಟಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಾಗ ನನ್ನಂಥ ಅನೇಕರು ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಮಾಡಹೊರಟಿದ್ದ ಕೆಲಸವೇ ಅದು. ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತ್ತು. ಕೇಂದ್ರದ ಕಾಯ್ದೆ ಬಂದ ಕೆಲವೇ ದಿನಗಳಲ್ಲಿ ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಟಿ.ವಿ.ಯಲ್ಲಿ ತಾರೆಯರು ಬಂದು ಕರೆಯುವುದು ನಿಂತಿತು. ಅಂಗಡಿಗಳೇನೋ ಮುಚ್ಚಿದವು, ಆದರೆ ಆ ವೇಳೆಗಾಗಲೇ ಚಟಕ್ಕೆ ಬಿದ್ದಿದ್ದವರ ಗತಿಯೇನು ಎಂಬುದರ ಬಗ್ಗೆ ಸರ್ಕಾರದ ಯಾವ ಇಲಾಖೆಯೂ ಇನ್ನೂ ಸರಿಯಾಗಿ ಯೋಚಿಸಿದಂತಿಲ್ಲ. ಈ ಪತ್ರವನ್ನು ಗೃಹ ಸಚಿವರಿಗೆ ಬರೆಯದೆ ತಮಗೆ ಬರೆಯುತ್ತಿರುವುದು ಆ ಕಾರಣಕ್ಕಾಗಿ.

ನಾನು ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಲ್ಲಿ ಸಾಲದ ಅರ್ಜಿಗಳನ್ನು ನೋಡುವ ನೌಕರ. ಅರ್ಜಿಯ ಜೊತೆಗೆ ಆರು ತಿಂಗಳ ಬ್ಯಾಂಕ್ ಖಾತೆಯ ವಿವರ ತರಿಸಿಕೊಳ್ಳುತ್ತೇವೆ. ಚಟ ಹತ್ತಿದವರ ಖಾತೆ ಹೇಗಿರುತ್ತದೆಂಬುದನ್ನು ಈಗ ಯಾರೂ ನನಗೆ ಹೇಳಿಕೊಡಬೇಕಿಲ್ಲ. ಸಂಬಳ ಜಮೆಯಾದ ದಿನವೇ ಯುಪಿಐ ಮೂಲಕ 200, ಆಮೇಲೆ 500, ಮತ್ತೆ 500, 1,000, 2,000 ಎಂದು ಮೊತ್ತ ಏರುತ್ತಾ ಹೋಗುತ್ತದೆ. ಹಣ ಪಡೆದವರ ಹೆಸರು ಒಂದು ದಿನ ಯಾವುದೋ ಟ್ರೇಡರ್ಸ್, ಮರುದಿನ ಯಾವುದೋ ಕಿರಾಣಿ ಅಂಗಡಿ, ಅದರ ಮರುದಿನ ಕಂಡು ಕೇಳರಿಯದ ಊರಿನ ಒಬ್ಬ ವ್ಯಕ್ತಿ. ನಡುವೆ ಒಮ್ಮೆ 3,800 ರೂಪಾಯಿ ಒಳಗೆ ಬಂದಿರುತ್ತದೆ. ಅದೇ ದಿನ ಅದೂ, ಅದರ ಬೆನ್ನಿಗೆ ಉಳಿದದ್ದೂ ಹೊರಗೆ ಹೋಗಿರುತ್ತದೆ. ತಿಂಗಳ ಎರಡನೇ ವಾರದಿಂದ ಸಾಲದ ಆ್ಯಪ್‌ಗಳ ಹೆಸರು ಕಾಣಿಸಿಕೊಳ್ಳುತ್ತವೆ. ಕೊನೆಗೆ ಅಮ್ಮನದೋ ಹೆಂಡತಿಯದೋ ಸರ ನಮ್ಮಲ್ಲಿಗೆ ಅಡವಿಗೆ ಬರುತ್ತದೆ.

ನಿಷೇಧದ ನಂತರವೂ ಇಂಥ ಖಾತೆಗಳು ಬರುತ್ತಲೇ ಇವೆ. ಆಡುವವರು ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ‘ಐಡಿ’ (ಬೆಟ್ಟಿಂಗ್ ತಾಣದೊಳಗೆ ಹೋಗಲು ಬೇಕಾದ ಖಾತೆ) ಕೊಡುವ ಬುಕ್ಕಿಗಳ ಕಡೆಗೆ, ಹೊರದೇಶದಿಂದ ನಡೆಯುವ ಬೆಟ್ಟಿಂಗ್ ತಾಣಗಳ ಕಡೆಗೆ ಹೊರಳಿದ್ದಾರೆ. ಹಿಂದಿನ ಕಂಪನಿಗಳಲ್ಲಿ ಕಟ್ಟುವ ಹಣಕ್ಕೆ ಮಿತಿ ಹಾಕಿಕೊಳ್ಳುವ, ಖಾತೆಯನ್ನು ತಾವೇ ಮುಚ್ಚಿಸಿಕೊಳ್ಳುವ ಹೆಸರಿಗಾದರೂ ಒಂದು ಏರ್ಪಾಡಿತ್ತು. ಈ ಹೊಸ ಜಾಗದಲ್ಲಿ ಅದೂ ಇಲ್ಲ, ದೂರು ಕೊಡಲು ವಿಳಾಸವೂ ಇಲ್ಲ. ಇಷ್ಟು ಹೇಳಿದೆನೆಂದು ನಿಷೇಧ ಬೇಡವೆಂಬುದು ನನ್ನ ಮಾತಲ್ಲ. ಹೊಸಬರು ಬೀಳುವುದನ್ನು ಅದು ತಡೆಯುತ್ತದೆ, ಈಗಾಗಲೇ ಬಿದ್ದವರನ್ನು ಎತ್ತುವುದಿಲ್ಲ.

ಎತ್ತುವುದು ವೈದ್ಯರ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಹೋದದ್ದನ್ನು ಇವತ್ತೇ ವಾಪಸ್ ಪಡೆಯಬೇಕೆಂಬ ಹಟ, ಆಟ ನಿಲ್ಲಿಸಿದರೆ ಚಡಪಡಿಕೆ, ಮನೆಯವರಿಗೆ ಹೇಳುವ ಸುಳ್ಳು, ದುಡ್ಡು ಮುಗಿದ ಮೇಲೆ ಸಾಲ — ಇವೆಲ್ಲ ಆ ರೋಗದ ಲಕ್ಷಣಗಳು. ಯಾವಾಗ ಗೆಲ್ಲುತ್ತೇವೆಂದು ಗೊತ್ತಿಲ್ಲದಿರುವುದೇ ಮನಸ್ಸನ್ನು ಹಿಡಿದಿಡುತ್ತದೆ; ಕೂದಲೆಳೆಯಲ್ಲಿ ತಪ್ಪಿದ ಗೆಲುವು ಸೋಲಿನಂತೆ ಕಾಣದೆ, ಇನ್ನೊಂದು ಸಲ ಆಡು ಎಂದು ಹುರಿದುಂಬಿಸುತ್ತದೆ. ಇಂಥ ಸ್ಥಿತಿಯಲ್ಲಿರುವವನಿಗೆ ‘ಜವಾಬ್ದಾರಿಯಿಂದ ಆಡು’ ಎಂದು ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ಮಾತಿನ ಮೂಲಕ ನಡೆಸುವ ಚಿಕಿತ್ಸೆಯಿಂದ ಇದನ್ನು ಹತೋಟಿಗೆ ತರಬಹುದು. ತಮ್ಮ ಇಲಾಖೆಯ ಕೈಯಲ್ಲೇ ಅದಕ್ಕೆ ಬೇಕಾದ ಬಹುಪಾಲು ಸಾಧನಗಳಿವೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಚಟಗಳಿಗೆಂದೇ ‘ಶಟ್’ ಕ್ಲಿನಿಕ್ ಒಂದು ದಶಕದಿಂದ ನಡೆಯುತ್ತಿದೆ. ಆದರೆ ದಿನಗೂಲಿಯವನೊಬ್ಬ ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ವಾರವಾರ ಅಲ್ಲಿಗೆ ಹೋಗಿಬರಲಾರ. ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುವ ಮನೋಚೈತನ್ಯ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ. ಅಲ್ಲಿಗೆ ಬರುವವರನ್ನು ಕುಡಿತದ ಬಗ್ಗೆ ಕೇಳುವಂತೆಯೇ ‘ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುತ್ತೀರಾ, ಅದನ್ನು ಮನೆಯವರಿಂದ ಮುಚ್ಚಿಟ್ಟಿದ್ದೀರಾ’ ಎಂದೂ ಕೇಳುವಂತೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ. ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಯುವಕರನ್ನೂ ಇದೇ ಪ್ರಶ್ನೆ ಕೇಳಬೇಕು. ಯಾರೂ ಕೇಳದಿದ್ದರೆ ಅವರು ತಾವಾಗಿ ಹೇಳುವುದಿಲ್ಲ, ಏಕೆಂದರೆ ನಾಚಿಕೆಯ ಜೊತೆಗೆ ಪೊಲೀಸರ ಭಯವೂ ಅವರಿಗಿದೆ. ಹೊಸ ಕೇಂದ್ರ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ ಮತ್ತು ಹಣ ಸಾಗಿಸುವವರಿಗೆ. ಕೇವಲ ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಈ ಒಂದು ಸಂಗತಿಯನ್ನು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಸಿದರೆ ಎಷ್ಟೋ ಜನ ಒಳಗೆ ಬರುವ ಧೈರ್ಯ ಮಾಡುತ್ತಾರೆ. 2022ರಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಜೂಜಿನ ಚಟಕ್ಕೂ ಅಲ್ಲಿ ನೆರವು ಕೇಳಬಹುದೆಂಬುದು ನಮ್ಮ ಊರಿನಲ್ಲಿ ನಾನು ಮಾತನಾಡಿಸಿದ ಒಬ್ಬರಿಗೂ ತಿಳಿದಿರಲಿಲ್ಲ.

ಇನ್ನೊಂದು ವಿಷಯ ತಮ್ಮ ಇಲಾಖೆಯ ಎಲ್ಲೆಯನ್ನು ಸ್ವಲ್ಪ ದಾಟುತ್ತದೆ. ಮನಸ್ಸು ತಣ್ಣಗಿದ್ದಾಗ ಹಾಕಿಕೊಂಡ ಮಿತಿಯನ್ನು ಮನಸ್ಸು ಕುದಿಯುವಾಗ ಕಿತ್ತುಹಾಕಲು ಆಗದಂತಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ‘ಗ್ಯಾಮ್‌ಸ್ಟಾಪ್’ ಎಂಬ ವ್ಯವಸ್ಥೆಯಲ್ಲಿ ಒಮ್ಮೆ ಹೆಸರು ಬರೆಸಿದರೆ ಪರವಾನಗಿ ಪಡೆದ ಆನ್‌ಲೈನ್ ಜೂಜಿನ ಕಂಪನಿಗಳೆಲ್ಲ ಕನಿಷ್ಠ ಆರು ತಿಂಗಳು ಆ ವ್ಯಕ್ತಿಯನ್ನು ಹೊರಗಿಡಬೇಕು. ಅವಧಿ ಮುಗಿಯುವ ಮುಂಚೆ ಅವನೇ ಬೇಡಿಕೊಂಡರೂ ಒಳಗೆ ಬಿಡುವಂತಿಲ್ಲ. ಆನ್‌ಲೈನ್ ಜೂಜಿಗೆ ಪರವಾನಗಿಯೇ ಇಲ್ಲದ ನಮ್ಮಲ್ಲಿ ಆ ತಡೆ ಬ್ಯಾಂಕಿನ ಕಡೆಯಿಂದಲೇ ಬರಬೇಕು. ಖಾತೆಯಿಂದ ದಿನಕ್ಕೆ ಹೋಗುವ ಹಣದ ಮಿತಿಯನ್ನು ಗ್ರಾಹಕ ತಕ್ಷಣ ಇಳಿಸಿಕೊಳ್ಳುವಂತಿರಲಿ, ಏರಿಸಬೇಕೆಂದರೆ ಮಾತ್ರ ಒಂದೆರಡು ದಿನ ಕಾಯುವಂತಿರಲಿ. ಅವನು ಒಪ್ಪಿದರೆ ಮನೆಯ ಇನ್ನೊಬ್ಬರ ಮೊಬೈಲಿಗೂ ಸಂದೇಶ ಹೋಗಲಿ. ಇದನ್ನು ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಮುಂದೆ ಸರ್ಕಾರದ ಪರವಾಗಿ ಇಡಲು ತಾವು ಹಣಕಾಸು ಇಲಾಖೆಯನ್ನು ಒಪ್ಪಿಸಬೇಕು. ಸಹಕಾರ ಸಂಘಗಳ ನಮ್ಮಂಥ ನೌಕರರಿಗೂ ಅರ್ಧ ದಿನದ ತರಬೇತಿ ಕೊಡಿಸಿ. ಅಂಥ ಖಾತೆ ಕಂಡಾಗ ಈಗ ನಾವು ಅರ್ಜಿ ತಿರಸ್ಕರಿಸಿ ಕಳಿಸುತ್ತೇವೆ, ಅವನು ಬಡ್ಡಿಯವರ ಮನೆಗೆ ಹೋಗುತ್ತಾನೆ. ಅವನ ಕೈಗೆ ಮಂಗಳವಾರದ ಕ್ಲಿನಿಕ್ಕಿನ ಚೀಟಿಯೊಂದನ್ನು ಕೊಟ್ಟು ಕಳಿಸಲು ನಾವು ಸಿದ್ಧರಿದ್ದೇವೆ.

ಐಪಿಎಲ್ ಬಂತೆಂದರೆ ಬುಕ್ಕಿಗಳಿಗೆ ಸುಗ್ಗಿ. ಮುಂದಿನ ಪಂದ್ಯಾವಳಿ ಆರಂಭವಾಗುವುದರೊಳಗೆ ಈ ಸುತ್ತೋಲೆಯಾದರೂ ಎಲ್ಲ ತಾಲ್ಲೂಕು ಆಸ್ಪತ್ರೆಗಳನ್ನು ತಲುಪಲೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪತ್ತಿನ ಸಹಕಾರ ಸಂಘವೊಂದರ ನೌಕರ