ಮಗಳಿಗೊಂದು ಪತ್ರ: ನೀನು ರೈಲು ಇಳಿದ ಸ್ಟೇಷನ್ ಪಕ್ಕದ ಚರ್ಚು

ಪುಟ್ಟೀ,

ನಿನ್ನೆ ರಾತ್ರಿ ನೀನು ಹೇಳಿದ್ದು ಇನ್ನೂ ತಲೇಲೇ ಕೂತಿದೆ. "ಅಪ್ಪ, ಫ್ಲಾರೆನ್ಸಲ್ಲಿ ಎರಡು ದಿನ ಸುತ್ತಿದೆ, ಎಲ್ಲಿ ನೋಡಿದ್ರೂ ಮೇರಿ, ಏಸು, ಸಂತರು. ಪುನರುಜ್ಜೀವನ ಅಂದ್ರೆ ಧರ್ಮವನ್ನೇ ಅಲ್ಲಾಡಿಸಿದ ಕಾಲ ಅಂತಾರಲ್ಲ, ಅಲ್ಲಾಡಿದ್ದು ಏನೂ ನಂಗೆ ಕಾಣ್ಲಿಲ್ಲ" ಅಂದೆ. ನಾನು ಬಾಯಿ ತೆಗೆಯೋಷ್ಟರಲ್ಲಿ ನಿಮ್ಮಮ್ಮ ಊಟ ಆಯ್ತಾ ಅಂತ ಕೇಳಕ್ಕೆ ಫೋನ್ ಇಸ್ಕೊಂಡ್ಳು, ಆಮೇಲೆ ನಿಂಗೆ ನಿದ್ದೆ. ಅದಕ್ಕೇ ಕೂತು ಬರೀತಿದೀನಿ, ಉದ್ದ ಆದ್ರೂ ಪೂರ್ತಿ ಓದು.

ನಿನ್ನ ಹೈಸ್ಕೂಲ್ ಪುಸ್ತಕದಲ್ಲಿ ಪುನರುಜ್ಜೀವನಕ್ಕೆ ಕಾರಣ ಅಂತ ಮೊದ್ಲು ಇದ್ದಿದ್ದು ಯಾವ್ದು ನೆನಪಿದೆಯಾ? 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದ್ರು, ಅಲ್ಲಿನ ಗ್ರೀಕ್ ಪಂಡಿತರು ಪುಸ್ತಕ ಹೊತ್ಕೊಂಡು ಇಟಲಿಗೆ ಓಡಿ ಬಂದ್ರು ಅಂತ. ನಾನೇ ನಿಂಗೆ ಬಾಯಿಪಾಠ ಮಾಡಿಸಿದ್ದೆ. ಆದ್ರೆ ಇಸವಿಗಳನ್ನ ಒಂದರ ಪಕ್ಕ ಒಂದು ಬರೆದು ನೋಡು. ಗ್ರೀಕ್ ಕಲಿಸೋ ಮೇಷ್ಟ್ರು ಕ್ರಿಸೊಲೊರಾಸ್ ಫ್ಲಾರೆನ್ಸಿಗೆ ಬಂದಿದ್ದು 1397ರಲ್ಲಿ, ಅದೂ ಓಡಿ ಬಂದಿದ್ದಲ್ಲ, ಊರಿನೋರೇ ಸಂಬಳ ಕೊಟ್ಟು ಕರೆಸಿದ್ದು. ನೀನು ಫೋಟೋ ಕಳಿಸಿದ ಆ ಇಟ್ಟಿಗೆ ಗುಮ್ಮಟ, ಬ್ರುನೆಲೆಸ್ಕಿದು, ಮುಗಿದಿದ್ದು 1436ರಲ್ಲಿ. ಅಂದ್ರೆ 1453ಕ್ಕೆ ಮುಂಚೇನೇ ಏನೋ ಶುರುವಾಗಿತ್ತು. ಆ ಏನೋ ಅನ್ನೋದು ನಂಗೆ ಅರ್ಥ ಆಗಿದ್ದು ಒಂದು ದಾನಪತ್ರದಿಂದ.

ಮೂವತ್ತು ವರ್ಷ ನಾನು ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆದೋನು, ನಿಂಗೆ ಗೊತ್ತು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ರು ಹಳೇ ದಾನಪತ್ರ ತಂದಿದ್ರು, 1968ರದ್ದು, ಅದರ ಆಧಾರದ ಮೇಲೆ ಕ್ರಯಪತ್ರ ಬರೆದುಕೊಡಿ ಅಂತ. ಕಾಗದ ಹಳದಿ ಆಗಿತ್ತು, ಸಾಕ್ಷಿಗಳ ಹೆಬ್ಬೆಟ್ಟು ಇತ್ತು, ಚಕ್ಕುಬಂದಿ ಸರಿಯಾಗಿತ್ತು, ಕೊನೇಲಿ ಬಿಕ್ಕಲಂ ಅಂತ ಬರೆದೋರ ರುಜೂನೂ ಇತ್ತು. ನಾನು ಬರೆಯಕ್ಕೆ ಶುರು ಮಾಡೇಬಿಟ್ಟಿದ್ದೆ. ನಂಗೆ ಕೆಲಸ ಕಲಿಸಿದ ಹಿರಿಯರು ಪಕ್ಕದಲ್ಲಿ ಕೂತಿದ್ದೋರು ಅದನ್ನ ಇಸ್ಕೊಂಡು ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ್ರು. ಅಲ್ಲಿ "ಕರ್ನಾಟಕ ರಾಜ್ಯ" ಅಂತಿತ್ತು. ರಾಜ್ಯಕ್ಕೆ ಆ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ. 68ರಲ್ಲಿ ನಮ್ಮದು ಮೈಸೂರು ರಾಜ್ಯ. ಒಂದೇ ಪದ, ಪತ್ರ ಪೂರ್ತಿ ಸುಳ್ಳು ಅಂತ ಗೊತ್ತಾಗೋಯ್ತು.

ಇದೇ ಕೆಲಸವನ್ನ 1440ರಲ್ಲಿ ಲೊರೆಂಜೊ ವಲ್ಲಾ ಅನ್ನೋ ಇಟಲಿಯ ಲ್ಯಾಟಿನ್ ಪಂಡಿತ ಮಾಡಿದ. ಮೊದಲ ಸಲ ಓದಿದಾಗ ನಂಗೆ ಮೈ ಜುಮ್ಮಂದಿತ್ತು ಕಣೆ. ಆಗ ಪೋಪರ ಹತ್ರ ಒಂದು ದಾನಪತ್ರ ಇತ್ತು. ರೋಮಿನ ಚಕ್ರವರ್ತಿ ಕಾನ್‌ಸ್ಟಾಂಟೈನ್ ತನ್ನ ಕುಷ್ಠ ವಾಸಿಯಾಗಿದ್ದಕ್ಕೆ ರೋಮು ಮತ್ತೆ ಪಶ್ಚಿಮದ ರಾಜ್ಯಗಳನ್ನೆಲ್ಲ ಪೋಪ್ ಸಿಲ್ವೆಸ್ಟರಿಗೆ ಬಿಟ್ಟುಕೊಟ್ಟ ಅಂತ. ನೂರಾರು ವರ್ಷ ರಾಜರ ಮುಂದೆ ಇದನ್ನ ಹಿಡಿದು ತೋರಿಸ್ತಿದ್ರು. ವಲ್ಲಾ ಅದರ ಲ್ಯಾಟಿನ್ನನ್ನ ಪದ ಪದ ಬಿಡಿಸಿ ನೋಡಿದ. ರೋಮಿನ ಅಧಿಕಾರಿಗಳಿಗೆ ಪರ್ಷಿಯಾದೋರ ಥರ "ಸಾತ್ರಪ" ಅಂತ ಬರೆದಿದಾರೆ, ಆ ಕಾಲದಲ್ಲಿ ಯಾರು ಹಾಗೆ ಕರೀತಿದ್ರು ಅಂತ ಕೇಳಿದ. ಕಾನ್‌ಸ್ಟಾಂಟಿನೋಪಲ್ಲಿನ ಧರ್ಮಪೀಠ ಅಂತ ಬರೆದಿದಾರೆ, ಆಗಿನ್ನೂ ಆ ಊರಿಗೆ ಆ ಹೆಸರೇ ಇಲ್ಲ, ಪೀಠ ಎಲ್ಲಿಂದ ಬಂತು ಅಂದ. ಹೆಸರು ಬರೋಕೆ ಮುಂಚೆ ಹೆಸರು ಬರೆದಿದ್ದು, ನಮ್ಮ "ಕರ್ನಾಟಕ ರಾಜ್ಯ" ಥರಾನೇ! ಆ ಪತ್ರ ನಿಜವಾಗಿ ಹುಟ್ಟಿದ್ದು ನಾಲ್ಕನೇ ಶತಮಾನದಲ್ಲಲ್ಲ, ಎಂಟನೇ ಶತಮಾನದಲ್ಲಿ.

ಅವನಿಗೂ ಒಂದು ಕಾರಣ ಇತ್ತು ಅನ್ನು, ಅವನು ಕೆಲಸಕ್ಕಿದ್ದಿದ್ದು ನೇಪಲ್ಸಿನ ರಾಜ ಅಲ್ಫೊನ್ಸೊ ಹತ್ರ, ಆ ರಾಜನಿಗೂ ಪೋಪಿಗೂ ಜಗಳ. ಇರ್ಲಿ. ಯಾರ ಉಪ್ಪು ತಿಂದು ಬರೆದ್ರೂ "ಸಾತ್ರಪ" ಅನ್ನೋ ಪದ ಅಲ್ಲಿದ್ದಿದ್ದು ನಿಜ. ಆಶ್ಚರ್ಯ ಏನಂದ್ರೆ, ಮುಂದೆ ಪೋಪ್ ಐದನೇ ನಿಕೊಲಸ್ ಇದೇ ವಲ್ಲಾನ ರೋಮಿಗೆ ಕರೆಸಿ ಕೆಲಸ ಕೊಟ್ರು, ಗ್ರೀಕ್ ಇತಿಹಾಸ ಅನುವಾದ ಮಾಡಿಸಿದ್ರು. ಆಗಿನ್ನೂ ಅದು ಪಂಡಿತರ ಮಾತಾಗಿತ್ತು, ಬೀದಿಗೆ ಬಂದಿರ್ಲಿಲ್ಲ.

ಇನ್ನೊಂದು ನೋಡು, ಸುಳ್ಳು ಅಂತ ಗೊತ್ತಾಗಿ ಎಂಬತ್ತು ವರ್ಷ ಆದ ಮೇಲೂ ವ್ಯಾಟಿಕನ್ನಿನ ಗೋಡೆ ಮೇಲೆ ಅದೇ ದಾನದ ಚಿತ್ರ ಬರೆಸಿದ್ರು. ಆ ಕೆಲಸ ವಹಿಸ್ಕೊಂಡಿದ್ದ ಚಿತ್ರಕಾರ ರಫೇಲ್ 1520ರಲ್ಲಿ ತೀರ್ಕೊಂಡ, ಅವನ ಶಿಷ್ಯರು ಬರೆದು ಮುಗಿಸಿದ್ರು. (ಅದೇ ಹೊತ್ತಿಗೆ ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್‌ನೋನು ನಮ್ಮ ಹಂಪೇಲಿ ನಿಂತ್ಕೊಂಡು, ಈ ಊರು ರೋಮಿನಷ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರೀತಿದ್ದ. ಅದನ್ನ ನೆನೆಸ್ಕೊಂಡಾಗಲೆಲ್ಲ ನಂಗೆ ಹೆಮ್ಮೆ.) ಅದೇ 1520ರಲ್ಲೇ ಜರ್ಮನೀಲಿ ಪೋಪರ ವಿರುದ್ಧ ತಿರುಗಿಬಿದ್ದಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕೈಗೆ ವಲ್ಲಾನ ಪುಸ್ತಕ ಅಚ್ಚಾಗಿ ಸಿಕ್ಕಿತು, ಓದಿ ಕೆಂಡಾಮಂಡಲ ಆದ. ಒಂದು ಕಡೆ ಗೋಡೆ ಮೇಲೆ ಬಣ್ಣ, ಇನ್ನೊಂದು ಕಡೆ ಕಾಗದದ ಮೇಲೆ ಅಚ್ಚು. ನೀನು ಕೇಳಿದ ಅಲ್ಲಾಟ ಇಲ್ಲಿದೆ ಪುಟ್ಟ, ಆದ್ರೆ ಅದು ಚಿತ್ರದಲ್ಲಿ ಕಾಣಲ್ಲ, ಚಿತ್ರದ ಪಕ್ಕದಲ್ಲಿರುತ್ತೆ.

ಬೈಬಲ್ಲಿಗೂ ಅದೇ ಆಯ್ತು. ವಲ್ಲಾ ಗ್ರೀಕ್ ಮೂಲ ಇಟ್ಕೊಂಡು ಲ್ಯಾಟಿನ್ ಬೈಬಲ್ಲಿನ ತಪ್ಪು ಗುರುತು ಹಾಕಿದ್ದ. ಆ ಟಿಪ್ಪಣಿ 1504ರಲ್ಲಿ ಲೂವೆನ್ ಹತ್ರದ ಮಠದಲ್ಲಿ ಎರಾಸ್ಮಸ್ ಅನ್ನೋ ಡಚ್ ಪಂಡಿತನಿಗೆ ಸಿಕ್ತು, ಅವನು 1516ರಲ್ಲಿ ಬಾಸೆಲ್ಲಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಪಾಠಾನೇ ಅಚ್ಚು ಹಾಕಿಸಿದ. ಲ್ಯಾಟಿನ್ನಲ್ಲಿ ಏಸು "ಪ್ರಾಯಶ್ಚಿತ್ತ ಮಾಡಿ" ಅಂದಂಗೆ ಓದ್ಕೋತಿದ್ರಲ್ಲ, ಗ್ರೀಕಲ್ಲಿ ಇದ್ದಿದ್ದು "ಮನಸ್ಸು ತಿರುಗಿಸಿಕೊಳ್ಳಿ" ಅನ್ನೋ ಮಾತು. ಪ್ರಾಯಶ್ಚಿತ್ತ ಅಂದ್ರೆ ಪಾದ್ರಿ ಬೇಕು, ಶಾಸ್ತ್ರ ಬೇಕು, ಖರ್ಚು ಬೇಕು. ಮನಸ್ಸು ತಿರುಗಿಸಕ್ಕೆ ಯಾರಿಗೆ ದುಡ್ಡು ಕೊಡಬೇಕು? 1517ರಲ್ಲಿ ಲೂಥರ್ ಬರೆದ 95 ಮಾತುಗಳಲ್ಲಿ ಮೊದಲನೇದೇ ಈ ಪದದ ಮೇಲೆ.

ದುಡ್ಡಿನ ವಿಷಯಕ್ಕೆ ಬಂದ್ರೆ, ಅವನಿಗೆ ಸಿಟ್ಟು ಬಂದಿದ್ದು ಕ್ಷಮಾಪತ್ರ, ಅಂದ್ರೆ ಪಾಪದ ಶಿಕ್ಷೆ ಕಮ್ಮಿ ಆಗುತ್ತೆ ಅಂತ ಚರ್ಚಿನೋರು ಕೊಡ್ತಿದ್ದ ಚೀಟಿ, ಅದರ ಮಾರಾಟದ ಮೇಲೆ, ಅದರ ದುಡ್ಡಲ್ಲಿ ಒಂದು ಪಾಲು ಹೋಗ್ತಿದ್ದಿದ್ದು ರೋಮಿನ ಸಂತ ಪೀಟರ್ ಚರ್ಚ್ ಕಟ್ಟಕ್ಕೆ. ಆಗಿನ ಪೋಪ್ ಹತ್ತನೇ ಲಿಯೊ ನೀನು ಸುತ್ತಿದ ಫ್ಲಾರೆನ್ಸಿನ ಮೆಡಿಚಿ ಮನೆ ಹುಡುಗ. ನಂಗೆ ಕುತೂಹಲ ಆಗಿದ್ದು ಆ ಪತ್ರಗಳ ಬಗ್ಗೆ. 1454ರಲ್ಲೇ ಮೈಂಜ್ ಊರಲ್ಲಿ ಅಚ್ಚಾದ ಅಂಥ ಪತ್ರಗಳಿವೆ, ಗುಟೆನ್‌ಬರ್ಗ್ ಬೈಬಲ್ ಇನ್ನೂ ಪೂರ್ತಿ ಆಗಿರದ ಕಾಲ, ಅದರಲ್ಲಿ ಹೆಸರಿಗೂ ತಾರೀಖಿಗೂ ಖಾಲಿ ಜಾಗ ಬಿಟ್ಟಿರ್ತಾರೆ, ಕೊಂಡೋರ ಹೆಸರು ಕೈಯಲ್ಲಿ ತುಂಬೋದು. ನಾನು ಜೀವನ ಪೂರ್ತಿ ತುಂಬಿದ ಫಾರಂಗಳ ಅಜ್ಜ ಅದು!

ಈಗ ನಿನ್ನ ಚಿತ್ರಗಳಿಗೆ ಬರ್ತೀನಿ. ನೀನು ಮಿಲಾನಿಂದ ಹೋಗಿ ಇಳಿದ ಸ್ಟೇಷನ್ ಹೆಸರು ಸಾಂತಾ ಮರಿಯಾ ನೊವೆಲ್ಲಾ ಅಲ್ವಾ, ಅದು ಎದುರಿಗಿರೋ ಚರ್ಚಿನ ಹೆಸರು. ನೀನು ಒಳಗೆ ಹೋಗ್ಲಿಲ್ಲ ಅಂದೆ. ಒಳಗೆ ಎಡಗಡೆ ಗೋಡೇಲಿ ಮಸಾಚಿಯೊ 1427ರ ಸುಮಾರಿಗೆ ಬರೆದ ತ್ರಿಮೂರ್ತಿ ಚಿತ್ರ ಇದೆ, ಶಿಲುಬೆ ಮೇಲೆ ಏಸು, ಹಿಂದೆ ತಂದೆಯಾದ ದೇವರು, ಮಧ್ಯೆ ಪಾರಿವಾಳ. ವಿಷಯ ಹಳೇದೇ. ಆದ್ರೆ ಹಿಂದಿರೋ ಕಮಾನು ಗೋಡೆ ಕೊರೆದು ಒಳಗೆ ಕಟ್ಟಿದಂಗೆ ಕಾಣುತ್ತೆ, ಯಾಕಂದ್ರೆ ಎಲ್ಲಾ ಗೆರೆ ಹೆಚ್ಚುಕಮ್ಮಿ ನೋಡೋರ ಕಣ್ಣಿನ ಎತ್ತರದ ಒಂದು ಜಾಗಕ್ಕೆ ಸೇರೋ ಹಾಗೆ ಲೆಕ್ಕ ಹಾಕಿದಾನೆ. ಹಸಿ ಗಾರೆ ಮೇಲೆ ಅವನು ಗೀಚಿದ ಅಳತೆ ಗೆರೆಗಳು ಇನ್ನೂ ಉಳಿದಿವೆ. ಬರೆಸಿದ ಗಂಡ ಹೆಂಡತಿ ಆಚೀಚೆ ಮಂಡಿ ಊರಿದಾರೆ ನೋಡು, ಅಂಥೋರನ್ನ ಮುಂಚೆ ಎಷ್ಟೋ ಸಲ ಸಂತರ ಕಾಲ ಹತ್ರ ಬೊಂಬೆ ಹಾಗೆ ಚಿಕ್ಕದಾಗಿ ಬರೀತಿದ್ರು, ಇಲ್ಲಿ ಅವರೂ ಆಳೆತ್ತರ. ಹಿರಿಯರು ಹೀಗೆ ಬರೆದಿದಾರೆ ಅಂತ ಅವನು ಬರೀಲಿಲ್ಲ, ಕಣ್ಣಿಟ್ಟು ಅಳೆದು ಬರೆದ. ವಲ್ಲಾ ಪದಕ್ಕೆ ಮಾಡಿದ್ದನ್ನ ಇವನು ಗೋಡೆಗೆ ಮಾಡಿದ. ಪಾಪ, ಮರುವರ್ಷಾನೇ ತೀರ್ಕೊಂಡ, ಇಪ್ಪತ್ತಾರೋ ಇಪ್ಪತ್ತೇಳೋ, ನಿನಗಿಂತ ಎರಡು ವರ್ಷ ದೊಡ್ಡೋನು ಅಷ್ಟೇ.

ಆ ಚಿತ್ರದ ಮುಂದೇನೂ 1570ರ ಹೊತ್ತಿಗೆ ಬೇರೆ ಪೂಜಾವೇದಿಕೆ ಕಟ್ಟಿ ಮುಚ್ಚಿದ್ರು, 1860ರ ಸುಮಾರಿಗೆ ಮತ್ತೆ ಸಿಕ್ತು. ಅತ್ಲಾಗೆ ನೆದರ್‌ಲ್ಯಾಂಡ್ಸಲ್ಲಿ 1566ರಲ್ಲಿ ಪೋಪರನ್ನ ಬಿಟ್ಟು ಹೋದ ಪ್ರೊಟೆಸ್ಟೆಂಟರು ಹೊಸ ಪಂಥದ ಆವೇಶದಲ್ಲಿ ಚರ್ಚಿಗೆ ನುಗ್ಗಿ ವಿಗ್ರಹ, ಚಿತ್ರ ಎಲ್ಲ ಒಡೆದು ಹಾಕಿದ್ರು. ಅದನ್ನ ಓದಿದಾಗ ಹೊಟ್ಟೆ ಉರಿಯುತ್ತೆ. ಮೂಲ ಪುಸ್ತಕ ನೋಡಿ ಅಂದೋರ ಕಡೆಯವರೇ ಕಣ್ಣಿಗೆ ಕಾಣೋದನ್ನ ಸಹಿಸ್ಲಿಲ್ಲ.

ಮುಂದಿನ ತಿಂಗಳು ಮತ್ತೆ ಹೋಗ್ತೀನಿ ಅಂದಿದೀಯ. ರೈಲು ಇಳಿದು ಮೊದ್ಲು ಅಲ್ಲಿಗೆ ಹೋಗು, ಬ್ಯಾಗ್ ಕೆಳಗಿಟ್ಟು ಎದುರಿಗೆ ನಿಂತ್ಕೋ. ಚಿತ್ರದ ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ, ಅದರ ಮೇಲೆ ಒಂದು ಸಾಲಿದೆ, ನೀವೀಗ ಏನೋ ನಾನೂ ಅದೇ ಆಗಿದ್ದೆ, ನಾನೀಗ ಏನೋ ನೀವೂ ಅದೇ ಆಗ್ತೀರಿ ಅಂತ. ಅದು ಲ್ಯಾಟಿನ್ ಅಲ್ಲ, ಊರಿನ ಜನ ಆಡೋ ಮಾತು. ನಾನು ಕನ್ನಡದಲ್ಲೇ ಓದಿದೀನಿ, ಅದು ಕಿವಿಗೆ ಹೇಗೆ ಕೇಳುತ್ತೆ ಅಂತ ಗೊತ್ತಿಲ್ಲ. ನೀನು ಅಲ್ಲೇ ನಿಂತು ಗಟ್ಟಿಯಾಗಿ ಓದಿ ವಾಯ್ಸ್ ಮೆಸೇಜ್ ಕಳ್ಸು, ನಿಮ್ಮಮ್ಮಂಗೂ ಕೇಳಿಸ್ತೀನಿ.

ನಿನ್ನ
ಅಪ್ಪ