ರಿಯಾಯಿತಿ ಇಳಿಕೆ ಮತ್ತು ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ: ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ, ಗ್ರಾಹಕ ಬಂಧುಗಳೇ,

ಮುಂದಿನ ತಿಂಗಳ 1ರಿಂದ ಮಂಡ್ಯದ ನಮ್ಮ ಸಹಕಾರ ಔಷಧ ಮಳಿಗೆಯು ಕಂಪನಿಗಳ ಅಧಿಕೃತ ವಿತರಕರಿಂದ ಮಾತ್ರ ಖರೀದಿಸಲಿದೆ. ಬಿಡಿ ಮಾತ್ರೆ ಕೊಂಡರೂ ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆ, ಅಂದರೆ ಔಷಧ ಯಾವ ತಯಾರಿಕಾ ಕಂತಿನದೆಂದು ತಿಳಿಸುವ ಗುರುತು, ಇರುತ್ತದೆ. ಇತರ ಸಗಟು ವ್ಯಾಪಾರಿಗಳಿಗೂ ಪರವಾನಗಿ ಇದೆ, ದರವೂ ಕಡಿಮೆ. ಆದರೆ ನಾಲ್ಕು ಕೈ ದಾಟಿದ ಸರಕಿನ ಮೂಲ ಹುಡುಕುವುದು ಕಷ್ಟ. ಹಾಗಾಗಿ ಶೇ 18ರಷ್ಟಿದ್ದ ರಿಯಾಯಿತಿ ಶೇ 10ಕ್ಕೆ ಇಳಿಯುತ್ತದೆ. ಪ್ರತಿ ತಿಂಗಳು ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಒಯ್ಯುವ ಹಿರಿಯರಿಗೆ ಇದು ಹೊರೆಯೇ. ಆದರೂ ಈ ನಿರ್ಧಾರ ಅಗತ್ಯವೆಂದು ನಾವು ನಂಬಿದ್ದೇವೆ.

ಕಲಬೆರಕೆಯ ವಿರುದ್ಧ ಔಷಧ ವ್ಯಾಪಾರಿಗಳೇ ಹೋರಾಡಿದ ಇತಿಹಾಸವಿದೆ. ಹಡಗುಗಳಲ್ಲಿ ಬರುತ್ತಿದ್ದ ಕಳಪೆ ಔಷಧಗಳನ್ನು ಬಂದರಿನಲ್ಲೇ ತಪಾಸಣೆ ಮಾಡಲು ಅಮೆರಿಕ 1848ರಲ್ಲಿ ಕಾಯ್ದೆ ತಂದಿತು. ಅದು ಸರಿಯಾಗಿ ಜಾರಿಯಾಗಬೇಕೆಂಬ ಕಾಳಜಿಯೂ ಸೇರಿ, 1852ರಲ್ಲಿ ಫಿಲಡೆಲ್ಫಿಯಾದಲ್ಲಿ ಅಲ್ಲಿನ ಫಾರ್ಮಸಿಸ್ಟರು ರಾಷ್ಟ್ರಮಟ್ಟದ ಸಂಘ ಕಟ್ಟಿದರು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಎದ್ದದ್ದು ಮುಖ್ಯವಾಗಿ ಕ್ವಿನೈನ್‌ನಿಂದ. ನಾಲೆಯ ನೀರು ಹರಿದ ಹೊಸದರಲ್ಲಿ ಮಂಡ್ಯ ಸೀಮೆಯನ್ನು ಮಲೇರಿಯಾ ಹೇಗೆ ಕಾಡಿತೆಂದು ಹಿರಿಯರಿಂದ ಕೇಳಿದವರು ಇಲ್ಲಿ ಬಹಳ. ಆಗ ಕ್ವಿನೈನೇ ಮುಖ್ಯ ಮದ್ದು. ಅದರಲ್ಲೇ ಕಲಬೆರಕೆ ನಡೆಯುತ್ತಿದೆ ಎಂಬ ದೂರುಗಳು ದೇಶದ ಹಲವೆಡೆಯಿಂದ ಬಂದವು. ಜ್ವರದಲ್ಲಿ ನಡುಗುವವನಿಗೆ ಸತ್ವವಿಲ್ಲದ ಪುಡಿ ಕೊಡುವುದು ಎಂಥ ಕ್ರೌರ್ಯ! 1930ರಲ್ಲಿ ಕರ್ನಲ್ ಆರ್.ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಮುಂದೆ 1940ರ ಔಷಧ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ ಬಂದವು.

ಕಾಯ್ದೆಯೊಂದೇ ಸಾಲದು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಔಷಧವೆಂದು ಕೊಟ್ಟ ಗ್ಲಿಸರಾಲ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. 14 ಮಂದಿ ಪ್ರಾಣ ಕಳೆದುಕೊಂಡರು. ಔಷಧ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆಗೆ ನಾವು ಇಷ್ಟು ಬೆಲೆ ಕೊಡುವುದು ಇದಕ್ಕಾಗಿಯೇ.

2023ರ ಆಗಸ್ಟ್ 1ರಿಂದ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲ್‌ನಲ್ಲಿ ನೋಡಲು ಬಾರದವರಿಗೆ ಕೌಂಟರಿನಲ್ಲಿ ನಮ್ಮ ಹುಡುಗರು ತೋರಿಸುತ್ತಾರೆ. ಮಾತ್ರೆಯ ಬಣ್ಣ, ವಾಸನೆ ಬೇರೆ ಅನ್ನಿಸಿದರೆ ಎಸೆಯಬೇಡಿ, ಬಿಲ್ಲಿನೊಂದಿಗೆ ತನ್ನಿ. ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಲು 1940ರ ಕಾಯ್ದೆಯ 26ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಅರ್ಜಿ ಬರೆಯಲು ನೆರವಾಗುತ್ತೇವೆ; ಶುಲ್ಕವನ್ನು ಸಂಘವೇ ಭರಿಸುತ್ತದೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ