ಭಾನುವಾರ ಕೇಳುವುದು: ಪಕ್ಕವಾದ್ಯದಲ್ಲಿ ಸ್ಟಾನ್ ಗೆಟ್ಜ್

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಗುಂಪಿನ ಕರೆ ಇದೆ. ಈ ಸಲ ಜಾಝ್ ಸ್ಯಾಕ್ಸೋಫೋನ್ ವಾದಕ ಗೆಟ್ಜ್ ಅವರ ಬೋಸಾ ನೋವಾ (ಬ್ರೆಜಿಲ್‌ನ ಸಾಂಬಾ-ಜಾಝ್ ಶೈಲಿ) ಬೇಡ, ಅದು ಎಲ್ಲರೂ ಕೇಳಿದ್ದೇ ಅಲ್ವಾ? ಕೊನೆಗಾಲದಲ್ಲಿ ಅವರು ಬೇರೆಯವರ ಆಲ್ಬಮ್‌ಗಳಲ್ಲಿ ನುಡಿಸಿದ್ದನ್ನು ಕೇಳೋಣ.

ಮುಖ್ಯವಾಗಿ ಗಾಯಕಿ ಆ್ಯಬಿ ಲಿಂಕನ್ ಅವರ ‘ಯು ಗಾಟಾ ಪೇ ದ ಬ್ಯಾಂಡ್’. ಧ್ವನಿಮುದ್ರಣವಾದದ್ದು 1991ರ ಫೆಬ್ರವರಿಯಲ್ಲಿ. ಪಿಯಾನೊ ಹ್ಯಾಂಕ್ ಜೋನ್ಸ್, ಬಾಸ್ ಚಾರ್ಲಿ ಹೇಡನ್. ಗೆಟ್ಜ್ ಆಗ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು, ಜೂನ್ 6ಕ್ಕೆ ತೀರಿಕೊಂಡರು. ಆದರೂ ಹಾಡಿನ ಸಾಲುಗಳ ನಡುವೆ ಆ ಟೆನರ್ ಸ್ಯಾಕ್ಸೋಫೋನ್ ಎಷ್ಟು ಮೆತ್ತಗೆ ಬರುತ್ತದೆ! ನನಗಂತೂ ಅವರ ಹೆಸರಾಂತ ಆಲ್ಬಮ್‌ಗಳಿಗಿಂತ ಇದೇ ಜಾಸ್ತಿ ಇಷ್ಟ. ಸಮಯವಿದ್ದರೆ ಗಾಯಕಿ ಹೆಲೆನ್ ಮೆರಿಲ್ ಜೊತೆಗಿನ 1989ರ ‘ಜಸ್ಟ್ ಫ್ರೆಂಡ್ಸ್’ ಕೂಡ.

ಮೊದಲೇ ಒಮ್ಮೆ ಹೆಡ್‌ಫೋನ್ ಹಾಕಿ ಕೇಳಿ ಬನ್ನಿ. ನಿಮಗೆ ಹಿಡಿಸಿದ ಒಂದು ಹಾಡನ್ನು ಶನಿವಾರ ರಾತ್ರಿಯೊಳಗೆ ಇಲ್ಲಿ ಬರೆಯಿರಿ. ಬರಲು ಆಗದವರೂ ತಿಳಿಸಿ.